ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮಗುವಿನ ಮೊದಲ ಕುದುರೆ ಸವಾರಿ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಮಕ್ಕಳ ಕುದುರೆ ಸವಾರಿ ಬಗ್ಗೆ ಬಂದ ಪತ್ರಗಳೇ ಒಂದು ಕಟ್ಟಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಐದು ತುಂಬಿದೆ. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ನೋಡಿದಾಗಿನಿಂದ ‘ನಂಗೂ ಕುದುರೆ’ ಅಂತ ಒಂದೇ ಹಟ. ಈ ವಯಸ್ಸಿಗೆ ಕಲಿಸಬಹುದೇ? ಮೊದಲ ದಿನ ಏನು ಮಾಡಿಸುತ್ತಾರೆ?
— ಒಬ್ಬ ತಾಯಿ, ಮೈಸೂರು

ಉತ್ತರ: ಈಗಲೇ ಕೂರಿಸಬಹುದು. ಕಲಿಸುವುದಕ್ಕೆ ಸ್ವಲ್ಪ ಕಾಯಬೇಕು. ನಾಲ್ಕೈದು ವರ್ಷದ ಮಗುವನ್ನು ಸಾಧು ಕುದುರೆಯ ಮೇಲೆ ಕೂರಿಸಿ, ಒಬ್ಬರು ಹಗ್ಗ ಹಿಡಿದು ಮುಂದೆ ನಡೆಸಿ, ಇನ್ನೊಬ್ಬರು ಪಕ್ಕದಲ್ಲೇ ಮಗುವಿನ ತೊಡೆಗೆ ಕೈ ತಾಗಿಸಿಕೊಂಡು ಬರುವುದಾದರೆ ಹತ್ತು ಹದಿನೈದು ನಿಮಿಷ ಧಾರಾಳವಾಗಿ ಸುತ್ತಾಡಲಿ. ಲಗಾಮು ಕೈಗೆ ತೆಗೆದುಕೊಂಡು ತಾನೇ ಓಡಿಸುವ ಪಾಠ ಏಳೆಂಟು ವರ್ಷಕ್ಕೆ ಸರಿಹೋಗುತ್ತದೆ. ಐದರ ಮಗುವಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆ ಭಾರ. ಕುದುರೆ ತಟಕ್ಕನೆ ನಿಂತರೆ ಕತ್ತು ಮತ್ತು ಸೊಂಟ ಅದನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರುವುದಿಲ್ಲ. ಕಾಲೂ ಗಿಡ್ಡ. ಜೀನಿನ ಚರ್ಮದ ಪಕ್ಕೆ ದಾಟಿ ಕುದುರೆಯ ಹೊಟ್ಟೆಗೆ ತಾಗದ ಕಾಲಿನಿಂದ ಎಷ್ಟು ಒತ್ತಿದರೂ ಕುದುರೆಗೆ ಅದು ಗೊತ್ತೇ ಆಗುವುದಿಲ್ಲ.

ವಯಸ್ಸಿನ ಲೆಕ್ಕಕ್ಕಿಂತ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೆಚ್ಚು ನಂಬಿಕೆಯದು. ಮಗು ಚಕ್ಕಳಮಕ್ಕಳ ಕೂತಲ್ಲಿಂದ ಕೈ ಊರದೆ ಏಳುತ್ತದೆಯೇ, ಒಂಟಿ ಕಾಲಲ್ಲಿ ಐದಾರು ಬಾರಿ ಕುಪ್ಪಳಿಸುತ್ತದೆಯೇ, ‘ನಿಲ್ಲು’ ಅಂದರೆ ಆ ಕ್ಷಣವೇ ನಿಲ್ಲುತ್ತದೆಯೇ ನೋಡಿ. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಇದ್ದೂ ಪ್ರಯೋಜನವಿಲ್ಲ.

ಮೊದಲ ದಿನದ ಮುಕ್ಕಾಲು ಪಾಲು ನೆಲದ ಮೇಲೇ ಕಳೆಯಬೇಕು. ಬಂದ ಐದೇ ನಿಮಿಷಕ್ಕೆ ಎತ್ತಿ ಕೂರಿಸುವ ಕಡೆ ಸವಾರಿ ಸಿಗುತ್ತದೆ, ಪಾಠ ಸಿಗುವುದಿಲ್ಲ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿದೆ. ಸುತ್ತಮುತ್ತ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಒಂದಿಷ್ಟು ಜಾಗ, ಬಾಲದ ನೇರ ಹಿಂದೆ ಒಂದಿಷ್ಟು ಜಾಗ. ಮಕ್ಕಳು ಓಡಿಬಂದು ಮುಟ್ಟಲು ಹೋಗುವುದೂ ಸರಿಯಾಗಿ ಈ ಎರಡೇ ಕಡೆ! ಹಾಗಾಗಿ ಮೊದಲ ಪಾಠವೇ ಇದು: ಕುದುರೆಯ ಎಡಭುಜದ ದಿಕ್ಕಿನಿಂದ, ಓರೆಯಾಗಿ, ಮಾತಾಡಿಸುತ್ತಾ ನಡೆದು ಬರಬೇಕು. ಮೊದಲು ಮುಟ್ಟುವುದು ಭುಜವನ್ನು, ಮೂತಿಯನ್ನಲ್ಲ. ಕಿವಿ ಮುಂದಕ್ಕಿದ್ದರೆ ಅದಕ್ಕೆ ಕುತೂಹಲ. ಎರಡೂ ಕಿವಿ ಹಿಂದಕ್ಕೆ ಮಡಚಿ ಕತ್ತಿಗೆ ಅಂಟಿಸಿಕೊಂಡಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಇಷ್ಟನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಆಮೇಲೆ ಬ್ರಷ್. ಮಗುವಿನ ಎಡಗೈ ಕುದುರೆಯ ಮೈಮೇಲೆ ಇದ್ದೇ ಇರಲಿ, ಬಲಗೈಯಲ್ಲಿ ಕೂದಲು ಬೆಳೆದ ದಿಕ್ಕಿಗೆ ಉಜ್ಜಲಿ. ಕುದುರೆ ಹೆಜ್ಜೆ ಬದಲಿಸುವ ಮೊದಲು ಆ ಎಡಗೈಗೆ ಸುಳಿವು ಸಿಗುತ್ತದೆ. ನಂತರ ಹಗ್ಗ ಹಿಡಿದು ನಡೆಸುವುದು. ಕುದುರೆಯ ಎಡಗಡೆ, ಅದರ ಕತ್ತು ಭುಜ ಸೇರುವಲ್ಲಿ ನಿಂತು ಮುಂದೆ ನೋಡುತ್ತಾ ನಡೆಯಬೇಕು. ಜೊತೆಗೆ ಸೈಸ್ (ಕುದುರೆ ನೋಡಿಕೊಳ್ಳುವವರು) ಹಿಡಿದ ಇನ್ನೊಂದು ಹಗ್ಗ ಇರಲೇಬೇಕು. ಉಳಿದ ಹಗ್ಗವನ್ನು ಮಡಿಕೆ ಮಡಿಕೆಯಾಗಿ ಕೈಯಲ್ಲಿ ಹಿಡಿಯಬೇಕೇ ಹೊರತು ಮುಂಗೈಗೆ ಸುತ್ತಿಕೊಳ್ಳಬಾರದು. ಕುದುರೆ ಬೆಚ್ಚಿ ಎಳೆದರೆ ಸುತ್ತಿದ ಹಗ್ಗ ಬಿಗಿದು ಬೆರಳನ್ನೇ ಬಲಿ ತೆಗೆದುಕೊಳ್ಳುತ್ತದೆ.

ಕೂರಿಸುವಾಗ ಕಟ್ಟೆ ಅಥವಾ ಮೆಟ್ಟಿಲು ಬೇಕು. ಕಂಕುಳಿಗೆ ಕೈ ಹಾಕಿ ಎತ್ತಿ ಎಸೆದಂತೆ ಕೂರಿಸಿದರೆ ಕುದುರೆಯ ಬೆನ್ನಿಗೂ ಪೆಟ್ಟು, ಮಗುವಿಗೂ ಗಾಬರಿ. ಎಡಗಾಲು ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಪಾದ ಇಡುವ ಕಬ್ಬಿಣದ ಬಳೆ), ಕೈಯಲ್ಲಿ ಕುದುರೆಯ ಕತ್ತಿಗೆ ಕಟ್ಟಿದ ಪಟ್ಟಿ. ಬಲಗಾಲು ಕುದುರೆಯ ಬೆನ್ನ ಹಿಂಭಾಗಕ್ಕೆ ತಾಗದಂತೆ ದಾಟಿಸಿ ಮೆಲ್ಲಗೆ ಕೂರಲಿ. ಆ ಕತ್ತುಪಟ್ಟಿ ಕೇಳಿ ಹಾಕಿಸಿಕೊಳ್ಳಿ. ಹೆದರಿದ ಮಗು ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗುತ್ತದೆ. ಲಗಾಮು ಸಿಕ್ಕರೆ ಕುದುರೆಯ ಬಾಯಿಗೆ ನೋವು, ಪಟ್ಟಿ ಸಿಕ್ಕರೆ ಯಾರಿಗೂ ಏನೂ ಇಲ್ಲ.

ಕುದುರೆಯ ಎತ್ತರವನ್ನು ‘ಹ್ಯಾಂಡ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು, ನೆಲದಿಂದ ಹೆಗಲ ಉಬ್ಬಿನವರೆಗೆ. ನಿಮ್ಮ ಮಗಳಿಗೆ 11–12 ಹ್ಯಾಂಡ್, ಅಂದರೆ 112ರಿಂದ 122 ಸೆಂಟಿಮೀಟರ್ ಎತ್ತರದ ತಟ್ಟು (ಗಿಡ್ಡ ಜಾತಿಯ ಕುದುರೆ) ಸರಿಯಾದ ಅಳತೆ. ನಮ್ಮ ಕಡೆ ಅಷ್ಟು ಚಿಕ್ಕವು ಸಿಗುವುದು ಅಪರೂಪ. ದೊಡ್ಡ ಕುದುರೆಯೇ ಗತಿಯಾದರೆ, ಪಕ್ಕದಲ್ಲಿ ನಡೆಯುವವರು ತಮ್ಮ ಭುಜಕ್ಕಿಂತ ಮೇಲೆ ಕೈ ಎತ್ತದೆ ಮಗುವಿನ ಸೊಂಟ ಹಿಡಿಯಬಲ್ಲರೇ ನೋಡಿ. ಆಗದಿದ್ದರೆ ಆ ಕುದುರೆ ಎಷ್ಟೇ ಸಾಧುವಾದರೂ ಬೇಡ.

ಹದಿನೈದು ನಿಮಿಷವಾದ ಮೇಲೆ ಇಳಿಸಿಬಿಡಿ, ಮಗು ‘ಇನ್ನೊಂದ್ ಸುತ್ತು’ ಅಂತ ಅತ್ತರೂ ಸರಿ. ದಣಿದ ಮಗು ವಾಲುತ್ತದೆ, ಬೀಳುವುದು ಆಗಲೇ.

ಪ್ರಶ್ನೆ: ಹೆಲ್ಮೆಟ್ ನೀವೇ ತನ್ನಿ ಅಂದಿದ್ದಾರೆ. ಮಗನ ಹತ್ತಿರ ಸೈಕಲ್ ಹೆಲ್ಮೆಟ್ ಇದೆ, ಸ್ಕೇಟಿಂಗ್‌ನದೂ ಇದೆ. ಇದರಲ್ಲೇ ನಡೆಯುತ್ತದೆಯೇ? ಬಟ್ಟೆ, ಶೂ ಏನು ಹಾಕಬೇಕು?
— ಏಳು ವರ್ಷದ ಹುಡುಗನ ತಂದೆ, ಬೆಂಗಳೂರು

ಉತ್ತರ: ಎರಡೂ ನಡೆಯುವುದಿಲ್ಲ. ಕುದುರೆಯಿಂದ ಬೀಳುವ ಎತ್ತರ ಹೆಚ್ಚು, ಗೊರಸಿನ ಏಟು, ಬೇಲಿಯ ಕಂಬದ ಏಟು ಎಲ್ಲವೂ ಆಗಬಹುದು. ಸವಾರಿಯ ಹೆಲ್ಮೆಟ್ ತಲೆಯ ಹಿಂಭಾಗವನ್ನೂ ಕೆಳಗಿನವರೆಗೆ ಮುಚ್ಚುತ್ತದೆ. ಒಳಗಿನ ಚೀಟಿಯಲ್ಲಿ ಇಎನ್ 1384 (2017 ಅಥವಾ ಅದರ ನಂತರದ ವರ್ಷ), ಪಿಎಎಸ್ 015, ವಿಜಿ1 01.040, ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನದಂಡಗಳಲ್ಲಿ ಒಂದಾದರೂ ಇದೆಯೇ ನೋಡಿ. ವೆಲ್ವೆಟ್ ಹೊದಿಸಿದ ಚೆಂದದ ಟೋಪಿಗಳೂ ಮಾರುಕಟ್ಟೆಯಲ್ಲಿವೆ. ಚೀಟಿ ಇಲ್ಲದಿದ್ದರೆ ಅದು ಫೋಟೊಗೆ ಮಾತ್ರ.

ಅಳತೆ ತೆಗೆಯುವುದು ಹೀಗೆ: ಟೈಲರ್ ಟೇಪನ್ನು ಹುಬ್ಬಿನ ಸ್ವಲ್ಪ ಮೇಲೆ, ಕಿವಿಯ ಮೇಲಿಂದ ತಲೆಯ ಹಿಂದಿನ ಉಬ್ಬಿನ ಸುತ್ತ ತನ್ನಿ. ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಹಾಕಿದಾಗ ಅಂಚು ಹುಬ್ಬಿಗಿಂತ ಎರಡು ಬೆರಳು ಮೇಲೆ, ನೆಲಕ್ಕೆ ಸಮವಾಗಿ ಇರಬೇಕು. ಗಲ್ಲದ ಪಟ್ಟಿ ಹಾಕುವ ಮೊದಲೇ ತಲೆ ಬಗ್ಗಿಸಿ ಅಲ್ಲಾಡಿಸಲು ಹೇಳಿ, ಹೆಲ್ಮೆಟ್ ಜಾರಬಾರದು. ಕೈಯಲ್ಲಿ ಹಿಡಿದು ತಿರುಗಿಸಿದರೆ ಹಣೆಯ ಚರ್ಮ ಅದರ ಜೊತೆಗೇ ಬರಬೇಕು. ಪಟ್ಟಿ ಮತ್ತು ಗಲ್ಲದ ನಡುವೆ ಒಂದು ಬೆರಳಿಗಷ್ಟೇ ಜಾಗ. ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ಒಂದು ಸೈಜ್ ದೊಡ್ಡದು ಕೊಳ್ಳುವ ನಮ್ಮ ಅಭ್ಯಾಸ ಯೂನಿಫಾರ್ಮಿಗೆ ಸರಿ, ಇಲ್ಲಿ ಬೇಡ. ಸಡಿಲ ಹೆಲ್ಮೆಟ್ ಬೀಳುವಾಗ ಹಿಂದಕ್ಕೆ ಸರಿದು ಹಣೆಯನ್ನು ಬಯಲು ಮಾಡುತ್ತದೆ. ಜುಟ್ಟು ನೆತ್ತಿಯಲ್ಲಿ ಕಟ್ಟಿದರೂ ಅದೇ ಗತಿ, ಕೂದಲು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಹೆಲ್ಮೆಟ್ ಬಿಟ್ಟು ಬರಬೇಡಿ, ಒಳಗಿನ ಥರ್ಮೋಕೋಲ್‌ನಂಥ ಪದರ ಕಾವಿಗೆ ಹಾಳಾಗುತ್ತದೆ. ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಗೀರೂ ಇಲ್ಲದೆ ಕಂಡರೂ ಒಳಗೆ ನಜ್ಜಿರುತ್ತದೆ, ಎಸೆಯಿರಿ.

ಶೂ ವಿಷಯ ಸರಳ: ಅರ್ಧದಿಂದ ಒಂದು ಇಂಚು ಹಿಮ್ಮಡಿ ಇರಬೇಕು, ತಳ ಹೆಚ್ಚು ಗೀರುಗಳಿಲ್ಲದೆ ನುಣುಪಾಗಿರಬೇಕು, ಗೆಣ್ಣು ಮುಚ್ಚಿದರೆ ಒಳ್ಳೆಯದು. ಹಿಮ್ಮಡಿಯಿಲ್ಲದ ಸ್ಪೋರ್ಟ್ಸ್ ಶೂ ರಿಕಾಪಿನೊಳಗೆ ಪೂರ್ತಿ ನುಗ್ಗಿಬಿಡುತ್ತದೆ. ಆ ಹೊತ್ತಿಗೆ ಬಿದ್ದರೆ ಕಾಲು ಸಿಕ್ಕಿಕೊಂಡು ಕುದುರೆ ಎಳೆದೊಯ್ಯುತ್ತದೆ. ಪ್ಯಾಂಟಿಗೆ ಜೀನ್ಸ್ ಬೇಡ, ಒಳತೊಡೆಯ ದಪ್ಪ ಹೊಲಿಗೆ ಚರ್ಮ ಸುಲಿಯುತ್ತದೆ. ಹಿಗ್ಗುವ ಲೆಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟ್ ಸಾಕು. ದುಪಟ್ಟಾ, ಬಳೆ, ಜುಮುಕಿ, ಕಾಲ್ಗೆಜ್ಜೆ ಎಲ್ಲವೂ ಮನೆಯಲ್ಲಿರಲಿ.

ಪ್ರಶ್ನೆ: ಊಟಿಗೆ ಹೋದಾಗ ಆರು ವರ್ಷದ ಮಗನನ್ನು ಕುದುರೆ ಮೇಲೆ ಕೂರಿಸಿದೆವು. ನೂರು ಹೆಜ್ಜೆ ಹೋಗುವಷ್ಟರಲ್ಲಿ ಜೀನೇ ಪಕ್ಕಕ್ಕೆ ವಾಲಿ ಅವನು ನೇತಾಡಿಬಿಟ್ಟ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಈಗ ಕುದುರೆ ಚಿತ್ರ ತೋರಿಸಿದರೂ ಬೇಡ ಅನ್ನುತ್ತಾನೆ. ಎಲ್ಲಿ ತಪ್ಪಾಯಿತು?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ನೀವು ಹೇಳಿದ್ದರಲ್ಲಿ ತಪ್ಪು ಗರ್ತ್‌ನದು, ಅಂದರೆ ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿಯದು. ಜೀನು ಹಾಕುವಾಗ ಎಷ್ಟೋ ಕುದುರೆಗಳು ಉಸಿರು ತುಂಬಿಕೊಂಡು ಮೈ ಬಿಗಿ ಹಿಡಿಯುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲ ಬಿಡುತ್ತವೆ, ಪಟ್ಟಿಯೂ ಜೊತೆಗೆ ಸಡಿಲವಾಗುತ್ತದೆ. ಆದ್ದರಿಂದ ಹತ್ತುವ ಮೊದಲೊಮ್ಮೆ, ಐದು ನಿಮಿಷ ನಡೆದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಪಟ್ಟಿಯ ಒಳಗೆ ಎರಡು ಬೆರಳು ಕಷ್ಟಪಟ್ಟು ತೂರಿದರೆ ಸರಿ, ಅಂಗೈ ಆರಾಮಾಗಿ ಹೋದರೆ ಹತ್ತಿಸಬೇಡಿ. ದುಂಡು ಬೆನ್ನಿನ ತಟ್ಟುಗಳಲ್ಲಿ ಜೀನು ಇನ್ನೂ ಬೇಗ ಉರುಳುತ್ತದೆ. ದೊಡ್ಡವರ 17 ಇಂಚಿನ ಜೀನಿನಲ್ಲಿ ಮಗು ಒಂದು ಪಕ್ಕಕ್ಕೆ ಸರಿದು ಕೂತರೆ ಕೇಳುವುದೇ ಬೇಡ.

ನೀವು ಬರೆಯದ ಇನ್ನೊಂದು ತಪ್ಪೂ ಅಲ್ಲಿ ಆಗಿರಬಹುದು ಎಂದು ನಮ್ಮ ಅನುಮಾನ. ಮಗುವಿನ ಕಾಲು ರಿಕಾಪಿನ ಕಬ್ಬಿಣಕ್ಕೆ ಎಟುಕದಿದ್ದಾಗ, ಅದನ್ನು ನೇತುಹಾಕಿದ ಚರ್ಮದ ಪಟ್ಟಿಯ ಸಂದಿಗೇ ಪಾದ ತೂರಿಸಿ ‘ಗಟ್ಟಿಯಾಗಿ ಕೂತ್ಕೋ’ ಅನ್ನುತ್ತಾರೆ. ಪ್ರವಾಸಿ ತಾಣಗಳಲ್ಲಿ ಇದು ದಿನಾ ಕಾಣುವ ದೃಶ್ಯ, ಅಷ್ಟೇ ಅಪಾಯಕಾರಿ. ಕಬ್ಬಿಣದ ರಿಕಾಪು ಅಗಲವಾಗಿರುತ್ತದೆ, ಬಿದ್ದಾಗ ಪಾದ ಜಾರಿ ಹೊರಬರುತ್ತದೆ. ಚರ್ಮದ ಪಟ್ಟಿ ಮೈ ತಿರುಗಿದಂತೆ ತಾನೂ ತಿರುಚಿಕೊಂಡು ಗೆಣ್ಣಿಗೆ ಉರುಳು ಹಾಕುತ್ತದೆ. ಕಾಲು ಎಟುಕದಿದ್ದರೆ ಖಾಲಿ ಬಿಟ್ಟು ನೇತಾಡಲಿ, ಅದೇ ಕ್ಷೇಮ.

ಸರಿಯಾದ ಉದ್ದಕ್ಕೆ ಒಂದು ಉಪಾಯ: ನೆಲದ ಮೇಲೆ ನಿಂತ ಮಗು ಬೆರಳ ತುದಿಯನ್ನು ಜೀನಿನಲ್ಲಿ ಪಟ್ಟಿ ಸಿಕ್ಕಿಸಿದ ಕೊಂಡಿಗೆ ತಾಗಿಸಲಿ, ರಿಕಾಪು ಕಂಕುಳಿಗೆ ಮುಟ್ಟಬೇಕು. ಅಷ್ಟೆತ್ತರ ಎಟುಕದಿದ್ದರೆ ಕೂತ ಮೇಲೆ ಕಾಲು ಇಳಿಬಿಟ್ಟಾಗ ರಿಕಾಪಿನ ಅಡಿ ಗೆಣ್ಣಿನ ಮೂಳೆಗೆ ತಟ್ಟಿದರೂ ಸರಿಯೇ. ಅಗಲ ಶೂಗಿಂತ ಎರಡೂ ಕಡೆ ಸುಮಾರು ಒಂದೊಂದು ಸೆಂಟಿಮೀಟರ್ ಹೆಚ್ಚಿರಬೇಕು. ಅದಕ್ಕಿಂತ ಚಿಕ್ಕದಾದರೆ ಶೂ ಸಿಕ್ಕಿಕೊಳ್ಳುತ್ತದೆ, ತೀರಾ ದೊಡ್ಡದಾದರೆ ಪಾದವೇ ಆಚೆ ಹೋಗುತ್ತದೆ. ಹೊರಬದಿಗೆ ಕಬ್ಬಿಣದ ಬದಲು ರಬ್ಬರ್ ಉಂಗುರ ಇರುವ ಮಕ್ಕಳ ರಿಕಾಪು ಸಿಗುತ್ತದೆ, ಒತ್ತಡ ಬಿದ್ದರೆ ರಬ್ಬರ್ ಕಳಚಿ ಕಾಲು ಬಿಡುಗಡೆಯಾಗುತ್ತದೆ.

ಹುಡುಗನ ಭಯಕ್ಕೆ ಮದ್ದು ಮತ್ತೆ ಸವಾರಿ ಅಲ್ಲ. ಅವನಿಗೆ ಈಗ ಕುದುರೆಯ ಮೇಲಲ್ಲ, ಕುದುರೆಯ ಪಕ್ಕ ಕೆಲಸ ಕೊಡಿ. ಲಾಯಕ್ಕೆ ಕರೆದೊಯ್ದು ದೂರದಿಂದ ಹುಲ್ಲು ತಿನ್ನುವುದನ್ನು ನೋಡಲಿ. ಇನ್ನೊಂದು ದಿನ ನೀರಿನ ಬಕೆಟ್ ಹಿಡಿಯಲಿ, ಮತ್ತೊಂದು ದಿನ ಬ್ರಷ್. ‘ಹತ್ತಲಾ?’ ಅಂತ ಅವನೇ ಕೇಳುವ ತನಕ ನೀವು ಕೇಳಬೇಡಿ. ಹತ್ತಿದ ದಿನವೂ ‘ಇಳಿಸು’ ಅಂದರೆ ಮರುಮಾತಿಲ್ಲದೆ ಇಳಿಸಿ. ಇಳಿಯುವ ದಾರಿ ತನ್ನ ಕೈಯಲ್ಲಿದೆ ಅಂತ ಗೊತ್ತಾದ ಮಗು ಹೆಚ್ಚು ಹೊತ್ತು ಕೂರುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗ ಆರು ಪಾಠ ಮುಗಿಸಿದ್ದಾನೆ. ಇನ್ನೂ ಉದ್ದ ಹಗ್ಗಕ್ಕೆ ಕಟ್ಟಿ ಸುತ್ತು ಹೊಡೆಸುತ್ತಿದ್ದಾರೆ, ಲಗಾಮು ಕೈಗೇ ಕೊಟ್ಟಿಲ್ಲ. ಪಕ್ಕದ ಮನೆ ಹುಡುಗ ಬೇರೆ ಕಡೆ ನಾಲ್ಕನೇ ದಿನಕ್ಕೆ ನಾಗಾಲೋಟ ಓಡಿಸಿದನಂತೆ. ದುಡ್ಡು ದಂಡವೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ದುಡ್ಡು ದಂಡವಾಗುತ್ತಿದ್ದರೆ ಅದು ಪಕ್ಕದ ಮನೆಯವರದು. ನಿಮ್ಮ ಮಗನಿಗೆ ಕಲಿಸುತ್ತಿರುವುದನ್ನು ಲಂಜಿಂಗ್ ಅನ್ನುತ್ತಾರೆ. ಏಳೆಂಟು ಮೀಟರ್ ಹಗ್ಗದ ತುದಿಯಲ್ಲಿ ಶಿಕ್ಷಕರು ನಿಂತು ಕುದುರೆಯ ವೇಗ, ದಿಕ್ಕು ಎರಡನ್ನೂ ತಾವೇ ನೋಡಿಕೊಳ್ಳುತ್ತಾರೆ. ಹುಡುಗನ ಕೆಲಸ ಕೂರುವುದು ಮಾತ್ರ. ಕೂರುವುದು ಬರುವ ಮೊದಲು ಲಗಾಮು ಕೊಟ್ಟರೆ ಮಕ್ಕಳು ಅದನ್ನೇ ಬಸ್ಸಿನ ಕಂಬದ ಹಾಗೆ ಹಿಡಿದು ಸಮತೋಲನ ಮಾಡುತ್ತಾರೆ. ಕಡಿವಾಣ ಇರುವುದು ಕುದುರೆಯ ಹಲ್ಲಿಲ್ಲದ ಮೃದು ವಸಡಿನ ಮೇಲೆ. ಪ್ರತಿ ಕುಲುಕಿಗೂ ಅಲ್ಲಿ ಜಗ್ಗಿದರೆ ಕುದುರೆ ತಲೆ ಎತ್ತಿ ಒದರುತ್ತದೆ, ಇಲ್ಲವೇ ಬಾಯಿ ಮರಗಟ್ಟಿ ಮಾತು ಕೇಳುವುದನ್ನೇ ಬಿಡುತ್ತದೆ.

ಬೆಂಗಳೂರು ಮೈಸೂರಿನ ಕಡೆ ಇನ್ನೊಂದು ಕಾರಣವೂ ಸೇರುತ್ತದೆ. ಸವಾರಿ ಶಾಲೆಗಳ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾಗಿ ಬಂದ, ಥರೋಬ್ರೆಡ್ ಎಂಬ ರೇಸಿನ ತಳಿಯವು. ರೇಸಿನಲ್ಲಿ ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಮುನ್ನುಗ್ಗುವುದನ್ನು ಅವು ಕಲಿತಿರುತ್ತವೆ. ಹೆದರಿದ ಹುಡುಗ ನಿಲ್ಲಿಸಲೆಂದು ಎಳೆಯುತ್ತಾನೆ, ಕುದುರೆಗೆ ಅದು ‘ಓಡು’ ಎಂದು ಕೇಳಿಸುತ್ತದೆ. ರೇಸ್ ಬಿಟ್ಟ ಮೇಲೆ ಮತ್ತೆ ತರಬೇತಿ ಕೊಟ್ಟು ವರ್ಷಗಳಾದ, ವಯಸ್ಸು ಹತ್ತು ದಾಟಿದ ಕುದುರೆಯೇ ಮಕ್ಕಳಿಗೆ ಸೂಕ್ತ. ಪ್ರಾಯ ಕೇಳಲು ಸಂಕೋಚ ಬೇಡ.

ಮಗನ ಪ್ರಗತಿ ಅಳೆಯಬೇಕೆಂದರೆ ದುಲಕಿ ಓಟದಲ್ಲಿ (ನಡಿಗೆಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನ) ನೋಡಿ. ದುಲಕಿಯಲ್ಲಿ ಕಾಲುಗಳು ಕರ್ಣದ ಜೋಡಿಯಾಗಿ ಬೀಳುತ್ತವೆ, ತಾಳ ಎರಡೇ: ಒಂದು-ಎರಡು, ಒಂದು-ಎರಡು. ಒಂದಕ್ಕೆ ಎದ್ದು ಎರಡಕ್ಕೆ ಕೂರುವುದು ಕಲಿಕೆ. ಸಾಮಾನ್ಯ ತಪ್ಪು ಮೊಣಕಾಲಿನಿಂದ ಜೀನನ್ನು ಕವ್ವಿ ಹಿಡಿಯುವುದು. ಆಗ ಮೊಣಕಾಲು ತಿರುಗಣೆಯಾಗಿ ಕೆಳಗಾಲು ಹಿಂದಕ್ಕೂ ಮೈ ಮುಂದಕ್ಕೂ ಹೋಗುತ್ತದೆ, ಕುದುರೆ ನಿಂತರೆ ಸವಾರ ಅದರ ಕತ್ತಿನ ಮೇಲೆ! ಹಿಮ್ಮಡಿ ಕೆಳಗೆ, ನೋಟ ಕುದುರೆಯ ಕಿವಿಗಳ ನಡುವಿನಿಂದ ಮುಂದೆ. ಕೈ ಬಿಟ್ಟು, ತೋಳು ಚಾಚಿ, ಎರಡೂ ದಿಕ್ಕಿಗೆ ಐದೈದು ಸುತ್ತು ತಾಳ ತಪ್ಪದೆ ಎದ್ದು ಕೂತರೆ ಲಗಾಮು ಕೇಳುವ ಹಕ್ಕು ಬಂತು. ಅಷ್ಟರೊಳಗೆ ತುರ್ತಾಗಿ ಇಳಿಯುವುದನ್ನೂ ಕಲಿಸಿದ್ದಾರೆಯೇ ವಿಚಾರಿಸಿ: ಎರಡೂ ಕಾಲು ರಿಕಾಪಿನಿಂದ ತೆಗೆದು, ಮುಂದಕ್ಕೆ ಬಾಗಿ, ಬಲಗಾಲು ದಾಟಿಸಿ, ಮೊಣಕಾಲು ಮಡಚಿ ನೆಲಕ್ಕಿಳಿಯುವುದು. ಮೊದಲು ನಿಂತ ಕುದುರೆಯಲ್ಲಿ, ಆಮೇಲೆ ನಡಿಗೆಯಲ್ಲಿ.

ಪ್ರಶ್ನೆ: ಮಗಳಿಗೆ ಸ್ವಲ್ಪ ಉಬ್ಬಸವಿದೆ. ಲಾಯದಲ್ಲಿ ಧನುರ್ವಾಯು ತಗಲುತ್ತದೆ ಅಂತಲೂ ಹೆದರಿಸುತ್ತಾರೆ.
— ಓದುಗರೊಬ್ಬರು, ಉಡುಪಿ

ಉತ್ತರ: ಧನುರ್ವಾಯುವಿನ ಮಾತು ನಿಜ, ಅದರ ಬೀಜಾಣುಗಳು ಲದ್ದಿ ಮತ್ತು ಮಣ್ಣಿನಲ್ಲಿರುತ್ತವೆ. ಆದರೆ ಲಸಿಕೆ ಸಮಯಕ್ಕೆ ಆಗಿದ್ದರೆ ಚಿಂತೆ ಬೇಡ: 16–24 ತಿಂಗಳಿಗೆ ಮತ್ತು 5–6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ಕ್ಕೆ ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ). ತಾಯಿ ಕಾರ್ಡು ತೆಗೆದು ನೋಡಿ. ಉಬ್ಬಸಕ್ಕೆ ಕುದುರೆಯ ಮೈಹೊಟ್ಟು, ಒಣಹುಲ್ಲಿನ ಧೂಳು ಎರಡೂ ಆಗುವುದಿಲ್ಲ. ಹೆಚ್ಚು ತಗಲುವುದು ಸವಾರಿಯಲ್ಲಲ್ಲ, ಬ್ರಷ್ ಮಾಡುವಾಗ. ವೈದ್ಯರನ್ನು ಕೇಳಿಯೇ ಆರಂಭಿಸಿ. ಮೊದಲ ಭೇಟಿ ಹದಿನೈದು ನಿಮಿಷ ಸಾಕು, ಇನ್‌ಹೇಲರ್ ಕಾರಿನಲ್ಲಲ್ಲ, ನಿಮ್ಮ ಜೇಬಿನಲ್ಲಿರಲಿ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಸ್ನಾನ ಮಾಡಿಸಿ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಡೌನ್ ಸಿಂಡ್ರೋಮ್. ಕುದುರೆ ಸವಾರಿ ಥೆರಪಿಯಿಂದ ಅನುಕೂಲವಾಗುತ್ತದೆ ಎಂದು ಯಾರೋ ಹೇಳಿದರು.
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕುದುರೆ ನಡೆಯುವಾಗ ಅದರ ಬೆನ್ನು ಕೂತವರ ಸೊಂಟವನ್ನು ಮುಂದೆ ಹಿಂದೆ, ಎಡ ಬಲ, ಮೇಲೆ ಕೆಳಗೆ ಆಡಿಸುತ್ತದೆ. ಮನುಷ್ಯ ನಡೆಯುವಾಗ ಸೊಂಟ ಆಡುವುದೂ ಹೆಚ್ಚುಕಡಿಮೆ ಹಾಗೆಯೇ. ಚಿಕಿತ್ಸೆಯಾಗಿ ಬಳಸುವುದು ಇದನ್ನೇ, ಸಮತೋಲನಕ್ಕೂ ನೆಟ್ಟಗೆ ಕೂರುವುದಕ್ಕೂ. ಆದರೆ ನಿಮ್ಮ ಮಗನ ವಿಷಯದಲ್ಲಿ ಒಂದು ಹೆಜ್ಜೆ ಬಿಡುವಂತಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರುತ್ತದೆ. ಕುಲುಕಿಗೆ ಅದು ಸರಿದರೆ ಬೆನ್ನುಹುರಿಗೇ ಪೆಟ್ಟು. ಮೂಳೆ ಅಥವಾ ನರ ತಜ್ಞರಿಗೆ ತೋರಿಸಿ, ಅವರು ಹೇಳಿದರೆ ಕತ್ತಿನ ಎಕ್ಸ್‌ರೇ ತೆಗೆಸಿ, ಲಿಖಿತ ಒಪ್ಪಿಗೆ ಪಡೆಯುವ ತನಕ ಕೂರಿಸಬೇಡಿ. ಹತೋಟಿಗೆ ಬಾರದ ಫಿಟ್ಸ್ ಇರುವ ಮಕ್ಕಳಿಗೂ ಇದೇ ಮಾತು. ನಡೆಸುವ ಜಾಗದಲ್ಲಿ ಫಿಸಿಯೊಥೆರಪಿಸ್ಟ್ ಖುದ್ದು ಇರಬೇಕು, ಮಗುವಿಗೆ ಎರಡೂ ಪಕ್ಕ ಒಬ್ಬೊಬ್ಬರು, ಕುದುರೆಗೆ ಒಬ್ಬರು. ಒಬ್ಬನೇ ಸೈಸ್ ಬಂದು ‘ಥೆರಪಿ’ ಅಂದರೆ ವಾಪಸ್ ಬನ್ನಿ.

ಪ್ರಶ್ನೆ: ಕುಣಿಗಲ್ ಹತ್ತಿರ ತೋಟವಿದೆ. ಮಕ್ಕಳಿಗೆ ಅಂತ ಒಂದು ಕುದುರೆಮರಿ ಕೊಂಡು ಸಾಕಿದರೆ ಮಕ್ಕಳೂ ಅದೂ ಒಟ್ಟಿಗೆ ಬೆಳೆಯುತ್ತವಲ್ಲ?
— ಓದುಗರೊಬ್ಬರು, ತುಮಕೂರು

ಉತ್ತರ: ಓದಲು ಚೆಂದ, ಮಾಡಲು ಬೇಡ. ಎಳೆ ಕುದುರೆಗೂ ಗೊತ್ತಿಲ್ಲ, ಎಳೆ ಮಕ್ಕಳಿಗೂ ಗೊತ್ತಿಲ್ಲ, ಕಲಿಸುವವರು ಯಾರು? ಮರಿಯನ್ನು ಮೂರು ವರ್ಷ ದಾಟದೆ ಸವಾರಿಗೆ ಪಳಗಿಸಬಾರದು, ಪಳಗಿಸಿದ ಮೇಲೂ ಮಕ್ಕಳನ್ನು ಹೊರುವ ನಿಧಾನ ಬರಲು ವರ್ಷಗಳು ಬೇಕು. ಕುಣಿಗಲ್‌ನ ಅಶ್ವಶಾಲೆಯ ಹೆಸರು ಕೇಳಿ ಆಸೆಯಾಗಿರಬಹುದು. ಅಲ್ಲಿ ಹುಟ್ಟಿ ಬೆಳೆದವು ರೇಸಿನ ಕುದುರೆಗಳು, ಮಕ್ಕಳ ತಟ್ಟುಗಳಲ್ಲ. ಒಂದು ಕುದುರೆಗೆ ದಿನಕ್ಕೆ ಅದರ ತೂಕದ ಶೇಕಡ 1.5ರಿಂದ 2ರಷ್ಟು ಒಣ ಮೇವು ಬೇಕು. 200 ಕಿಲೊ ತೂಕದ ತಟ್ಟು ಎಂದರೆ ದಿನಕ್ಕೆ ಮೂರು ನಾಲ್ಕು ಕಿಲೊ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು ಬರಬೇಕು. ಕುದುರೆ ವಾಂತಿ ಮಾಡಲಾರದ ಪ್ರಾಣಿ. ತಿಂದದ್ದು ಕೆಟ್ಟರೆ ಹೊಟ್ಟೆನೋವಿನಲ್ಲೇ ಸಾಯಬಹುದು, ಅರ್ಧರಾತ್ರಿಗೆ ಬರುವ ಪಶುವೈದ್ಯರು ಗೊತ್ತಿರಬೇಕು. ಒಂಟಿ ಕುದುರೆ ಕೊರಗುತ್ತದೆ, ಹಾಗಾಗಿ ಎರಡು ಬೇಕು. ಮಕ್ಕಳು ಎರಡು ವರ್ಷ ಸವಾರಿ ಶಾಲೆಯಲ್ಲಿ ಕಲಿಯಲಿ, ಆಮೇಲೆ ಯೋಚಿಸಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಚೆನ್ನಾಗಿ ಕಲಿಯುತ್ತಿದ್ದಾಳೆ. ಇದರಲ್ಲಿ ಮುಂದೆ ಏನಾದರೂ ಇದೆಯೇ?
— ಒಬ್ಬ ತಂದೆ, ಧಾರವಾಡ

ಉತ್ತರ: ಇದೆ, ಖರ್ಚೂ ಇದೆ. ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸಾಜ್ (ಕುದುರೆಯನ್ನು ನಿಗದಿತ ಹೆಜ್ಜೆಗಳಲ್ಲಿ ನಡೆಸಿ ತೋರಿಸುವುದು), ಶೋ ಜಂಪಿಂಗ್ (ಅಡೆತಡೆ ಹಾರಿಸುವುದು), ಇವೆಂಟಿಂಗ್ (ಇವೆರಡರ ಜೊತೆ ಬಯಲು ಓಟ) ಎಂಬ ಮೂರು ವಿಭಾಗಗಳಿವೆ. ಮೂರರಲ್ಲೂ ಹೆಣ್ಣು ಗಂಡು ಒಟ್ಟಿಗೇ ಸ್ಪರ್ಧಿಸುತ್ತಾರೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇವೆಂಟಿಂಗ್‌ನ ವೈಯಕ್ತಿಕ, ತಂಡ ಎರಡರಲ್ಲೂ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸ್ಸಾಜ್ ತಂಡಕ್ಕೆ ಚಿನ್ನ ಬಂತು. ಅಂತರರಾಷ್ಟ್ರೀಯ ನಿಯಮದಲ್ಲಿ ‘ಚಿಲ್ಡ್ರನ್’ ವಿಭಾಗ 12ರಿಂದ 14 ವರ್ಷದವರಿಗೆ, ಮಗಳಿಗೆ ಸಮಯವಿದೆ. ಈಗಲೇ ಕುದುರೆ ಕೊಡಿಸುವ ಆತುರ ಬೇಡ. ಬೇರೆ ಬೇರೆ ಸ್ವಭಾವದ ನಾಲ್ಕೈದು ಕುದುರೆಗಳ ಮೇಲೆ ಕೂತು ಕಲಿತವಳು ಒಂದೇ ಕುದುರೆಗೆ ಒಗ್ಗಿದವಳಿಗಿಂತ ಗಟ್ಟಿ.

ಪ್ರಶ್ನೆ: ಬಿದ್ದ ಮಗುವನ್ನು ಕೂಡಲೇ ಮತ್ತೆ ಹತ್ತಿಸಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತದೆ ಅನ್ನುತ್ತಾರೆ. ಸರಿಯೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಹಳೆಯ ಸವಾರರ ಮಾತು, ಅರ್ಧ ಸರಿ. ಮೊದಲು ಮಗು ಬಿದ್ದಲ್ಲೇ ಇರಲಿ, ಎಳೆದು ಎಬ್ಬಿಸಬೇಡಿ. ಕತ್ತು ನೋಯುತ್ತದೆಯೇ, ಕೈಕಾಲು ಬೆರಳು ಆಡುತ್ತವೆಯೇ, ಇವತ್ತು ಯಾವ ವಾರ, ಕುದುರೆಯ ಹೆಸರೇನು ಅಂತ ಕೇಳಿ. ಕತ್ತು ನೋವು ಅಂದರೆ ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿದ್ದರೆ, ಮಗು ನಗುತ್ತಾ ಎದ್ದರೂ ಅವತ್ತು ಮತ್ತೆ ಹತ್ತುವಂತಿಲ್ಲ, ವೈದ್ಯರಿಗೆ ತೋರಿಸಿ. ಒಂದೆರಡು ದಿನ ಗಮನವಿಡಿ: ವಾಂತಿ, ವಿಪರೀತ ನಿದ್ದೆ, ತಲೆನೋವು, ತಡವರಿಸುವ ಮಾತು ಇವುಗಳಲ್ಲಿ ಯಾವುದೇ ಕಂಡರೂ ನೇರ ಆಸ್ಪತ್ರೆಗೆ. ಮಣ್ಣಿನ ಮೇಲೆ ಪೃಷ್ಠ ಊರಿ ಬಿದ್ದು, ಅತ್ತು, ಸಮಾಧಾನವಾಗಿ, ತಾನೇ ಕುದುರೆಯ ಕಡೆ ನೋಡುತ್ತಿದ್ದರೆ ಮಾತ್ರ ಹಗ್ಗ ಹಿಡಿದು ಎರಡು ಸುತ್ತು ನಡಿಗೆಯಲ್ಲಿ ಹಾಕಿಸಿ ಇಳಿಸಿ.

ಪ್ರಶ್ನೆ: ನನಗೆ ಹತ್ತು ವರ್ಷ. ಸವಾರಿ ಆದ ಮೇಲೆ ಕುದುರೆಗೆ ಏನು ತಿನ್ನಲು ಕೊಡಬಹುದು?
— ಐದನೇ ತರಗತಿ, ಹಾಸನ

ಉತ್ತರ: ಮೊದಲು ಸೈಸ್ ಅಣ್ಣನನ್ನು ಕೇಳು, ಕೆಲವು ಕುದುರೆಗಳಿಗೆ ಸಿಹಿ ಆಗುವುದಿಲ್ಲ. ಅವರು ಹೂಂ ಅಂದರೆ ಒಂದು ಕ್ಯಾರೆಟ್. ದುಂಡು ಬಿಲ್ಲೆ ಮಾಡಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿನ ಹಾಗೆ ಉದ್ದುದ್ದ ಹೋಳು ಮಾಡು. ಅಂಗೈ ಚಪ್ಪಟೆ ಮಾಡಿ, ಹೆಬ್ಬೆರಳನ್ನೂ ಪಕ್ಕಕ್ಕೆ ಸೇರಿಸಿ ಇಟ್ಟುಕೋ. ತನ್ನ ತುಟಿಯ ಕೆಳಗೇನಿದೆ ಅಂತ ಕುದುರೆಗೆ ಕಾಣುವುದಿಲ್ಲ, ಮೀಸೆಗೂದಲಿನಿಂದ ತಡಕಿ ಹುಡುಕುತ್ತದೆ. ಮಡಚಿದ ಬೆರಳನ್ನೂ ಅದು ಕ್ಯಾರೆಟ್ ಅಂದುಕೊಳ್ಳಬಹುದು. ಈರುಳ್ಳಿ, ಚಾಕೊಲೇಟ್ ಕೊಡಲೇಬೇಡ.